ಚಿತ್ರ ತಿದ್ದುವ ಕೈ, ಅದರ ಹಿಂದಿನ ಉದ್ದೇಶ

ಡಂಬಳದ ದೊಡ್ಡಬಸಪ್ಪ ದೇಗುಲದ ತಳವಿನ್ಯಾಸ 24 ಕೋನಗಳ ನಕ್ಷತ್ರ. ಚಾಲುಕ್ಯರ ಕಾಲದ ಶಿಲ್ಪಿ ಒಂದೇ ಚೌಕವನ್ನು ತಿರುಗಿಸುತ್ತಾ ಅದನ್ನು ಪಡೆದ. ಚೌಕಕ್ಕೆ ಭಂಗ ತರಲಿಲ್ಲ. ಆ ಊರಿನ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ಹಳೆಯ ಭಾವಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಿ, ಹಿನ್ನೆಲೆಗೆ ಅಜ್ಜಿ ದುಡಿದ ಹೊಲವನ್ನು ಕೂಡಿಸಿದರೆ ಅದೂ ಅಂತಹುದೇ ಕಲೆ. ಮುಖ ಹಾಗೆಯೇ ಉಳಿಯುತ್ತದೆ, ಬದುಕಿನ ಅರ್ಥ ಬೆಳಗುತ್ತದೆ.

ಇದೇ ತಂತ್ರಜ್ಞಾನದ ಇನ್ನೊಂದು ಮುಖವನ್ನೂ ನಾವು ಕಂಡಿದ್ದೇವೆ. 2021ರ ಜುಲೈಯಲ್ಲಿ 'ಸುಲ್ಲಿ ಡೀಲ್ಸ್', 2022ರ ಜನವರಿಯಲ್ಲಿ 'ಬುಲ್ಲಿ ಬಾಯಿ' ಎಂಬ ಆ್ಯಪ್‌ಗಳು ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಕದ್ದು 'ಹರಾಜಿ'ಗಿಟ್ಟವು. ಎರಡನೆಯ ಪ್ರಕರಣದಲ್ಲಿ ಬೆಂಗಳೂರಿನಲ್ಲಿ ಬಂಧಿತನಾದ ಆರೋಪಿಯೂ ಒಬ್ಬ ವಿದ್ಯಾರ್ಥಿ! ಪರಿಹಾಸ್ಯವನ್ನೂ ಅಡ್ಡಹೆಸರಿಡುವುದನ್ನೂ ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯ ನಿಷೇಧಿಸಿದೆ.

ಇದಕ್ಕೆ ಹೆದರಿ ಹೆಣ್ಣುಮಕ್ಕಳ ಕೈಯಿಂದ ಕ್ಯಾಮರಾ ಕಸಿಯುವವರು ನಮ್ಮಲ್ಲಿದ್ದಾರೆ. ಅದು ಕಳ್ಳನನ್ನು ಬಿಟ್ಟು ಮನೆಯವರನ್ನು ದಂಡಿಸಿದಂತೆ. ಛಾಯಾಚಿತ್ರದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರಬಹುದು. ಇನ್ನೊಬ್ಬರ ಮಾನ ಕಳೆಯುವುದು ನಿಷಿದ್ಧ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಚಿತ್ರದಲ್ಲಿರುವವರ ಒಪ್ಪಿಗೆ ಇದೆಯೇ? ತಿದ್ದಿದ ಬಳಿಕ ಅವರ ಗೌರವ ಉಳಿಯುವುದೇ? ಈ ಎರಡು ಪ್ರಶ್ನೆಗಳನ್ನು ಮದ್ರಸವೂ ಕಾಲೇಜೂ ನಮ್ಮ ಮಕ್ಕಳಿಗೆ, ವಿಶೇಷವಾಗಿ ಗಂಡುಮಕ್ಕಳಿಗೆ, ಕಲಿಸಲಿ.