ಮೌರ್ಯರು ಚೋಳರಾದ ಕಥೆ

ಕ್ರಿಸ್ತಪೂರ್ವ 4000. ಎದುರಿಗೆ ಒಂದಿಷ್ಟು ಹುಲ್ಲುಗಾವಲು, ಪಕ್ಕದಲ್ಲೊಂದು ನದಿ, ಅದರಾಚೆ ಏನಿದೆಯೆಂದು ಕಾಣದ ಕತ್ತಲೆ. ಗಂಟುಮೂಟೆ ಹೊತ್ತು ನಿಂತ ಒಂದು ಗುಂಪು ಜನ. ಇವರಿಗೆ ನದಿಯ ದಂಡೆಯಲ್ಲಿ ಊರು ಕಟ್ಟಿಸಿ, ಮಡಕೆ ಮಾಡಲು ಕಲಿಸಿ, ಅಕ್ಷರ ಕಲಿಸಿ, ನೆರೆಯ ರಾಜನೊಡನೆ ಜಗಳವಾಡಿಯೋ ರಾಜಿಯಾಗಿಯೋ ಆರು ಸಾವಿರ ವರ್ಷ ದಾಟಿಸಿ, ಕೊನೆಗೆ ಆಕಾಶನೌಕೆಯಲ್ಲಿ ಕೂರಿಸಿ ಬೇರೊಂದು ನಕ್ಷತ್ರಕ್ಕೆ ಕಳಿಸಿಕೊಡಬೇಕು. ‘ಸಿವಿಲೈಸೇಷನ್’ ಎಂಬ ಕಂಪ್ಯೂಟರ್ ಆಟದ ಸಾರ ಇಷ್ಟೇ. ಅಮೆರಿಕದ ಸಿಡ್ ಮೈಯರ್, ಬ್ರೂಸ್ ಶೆಲ್ಲಿ ಇಬ್ಬರೂ ಸೇರಿ ಮೈಕ್ರೋಪ್ರೋಸ್ ಕಂಪೆನಿಗಾಗಿ ಇದನ್ನು ರೂಪಿಸಿದ್ದು 1991ರಲ್ಲಿ.

ಚದುರಂಗದ ಹಾಗೆ ಇದು ಸರದಿಯ ಮೇಲೆ ನಡೆಯುವ ಆಟ. ಗಡಿಬಿಡಿಯಿಲ್ಲ, ಯೋಚಿಸಲು ಬೇಕಾದಷ್ಟು ಹೊತ್ತು. ಅಪಾಯವಿರುವುದೂ ಅಲ್ಲೇ. ‘ಇನ್ನೊಂದೇ ಸರದಿ’ ಎಂದುಕೊಂಡು ರಾತ್ರಿ ಊಟ ಮುಗಿಸಿ ಕೂತವನಿಗೆ, ಬೀದಿಯಲ್ಲಿ ಹಾಲಿನವನ ಸೈಕಲ್ ಗಂಟೆ ಕೇಳಿಸಿದಾಗಲೇ ಬೆಳಗಾಯಿತೆಂದು ಗೊತ್ತಾಗುವುದು. ಆಗ ಕಾಲೇಜಿನಲ್ಲಿದ್ದವರು ಈಗ ಮಕ್ಕಳನ್ನು ಕಾಲೇಜಿಗೆ ಕಳಿಸುತ್ತಿದ್ದಾರೆ. ಆಟ ಮಾತ್ರ ಬಿಟ್ಟಿಲ್ಲ. ಅಂಥವರ ಬಳಗದಲ್ಲಿ 2025ರ ಫೆಬ್ರುವರಿ 11ರಂದು ಏಳನೆಯ ‘ಸಿವಿಲೈಸೇಷನ್’ ಬಂದಿಳಿಯಿತು. ಬಂದ ದಿನದಿಂದಲೇ ಜಗಳ.

ಹೊಸದು ಬಂದಾಗ ಹಳಬರು ಗೊಣಗುವುದು ಈ ಮನೆತನದಲ್ಲಿ ವಾಡಿಕೆಯೇ. 2010ರಲ್ಲಿ ಐದನೆಯದು ಬಂದಾಗ ಚೌಕದ ಮನೆಗಳು ಹೋಗಿ ಆರು ಮೂಲೆಯ ಮನೆಗಳು ಬಂದವು. ಒಂದು ಮನೆಯಲ್ಲಿ ಒಂದೇ ದಂಡು ನಿಲ್ಲಬೇಕೆಂಬ ಕಟ್ಟುಪಾಡೂ ಬಂತು. ಅದಕ್ಕೆ ಮೊದಲು ಒಂದರ ಮೇಲೊಂದು ಎಷ್ಟು ದಂಡನ್ನಾದರೂ ಪೇರಿಸಬಹುದಿತ್ತು. ಹಳಬರು ಸಿಡಿದೆದ್ದರು. ಇದು ‘ಸಿವಿಲೈಸೇಷನ್’ ಅಲ್ಲವೇ ಅಲ್ಲ, ನಾಲ್ಕನೆಯದೇ ಕಡೆಯ ನಿಜವಾದ ಆಟ ಎಂದರು. ಆದರೆ 2012ರಲ್ಲೊಂದು, 2013ರಲ್ಲೊಂದು ದೊಡ್ಡ ವಿಸ್ತರಣೆ ಬಂದ ಮೇಲೆ ಅದೇ ಐದನೆಯದು ಎಲ್ಲರ ಮುದ್ದಿನ ಆಟವಾಯಿತು. 2016ರಲ್ಲಿ ಆರನೆಯದು ಬಂದಾಗ ಅದರ ಬಣ್ಣ ಮಕ್ಕಳ ಚಿತ್ರಪುಸ್ತಕದಂತಿದೆ ಎಂದು ಹೀಗಳೆದವರೂ ಆಮೇಲೆ ಅದನ್ನೇ ವರ್ಷಗಟ್ಟಲೆ ಆಡಿದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?

ಇದರಲ್ಲಿ ಒಂದು ಅನ್ಯಾಯವೂ ಇದೆಯೆನ್ನಿ. ಹೊಸ ಆಟವನ್ನು ಯಾರೂ ಹಳೆಯದರ ಮೊದಲ ದಿನದೊಂದಿಗೆ ಹೋಲಿಸುವುದಿಲ್ಲ. ಎರಡೆರಡು ವಿಸ್ತರಣೆ, ಹತ್ತಾರು ತಿದ್ದುಪಡಿಗಳಾಗಿ ಪಳಗಿದ ಹಳೆಯದರ ಪಕ್ಕದಲ್ಲಿಟ್ಟು ನೋಡುತ್ತಾರೆ. ಹತ್ತು ವರ್ಷ ಸಂಸಾರ ತೂಗಿಸಿದ ಹಿರಿಸೊಸೆಯ ಅಡುಗೆಯ ಜೊತೆಗೆ ನಿನ್ನೆ ಹೊಸಿಲು ತುಳಿದವಳ ಅಡುಗೆಯನ್ನು ತೂಗಿದ ಹಾಗೆ! ಏಳನೆಯದರ ಪರವಾಗಿ ನಿಂತವರು ಮೊದಲು ಎತ್ತಿದ್ದು ಇದೇ ಮಾತನ್ನು. ಎರಡು ವರ್ಷ ತಾಳಿ, ಇದನ್ನೂ ನೀವೇ ಹೊಗಳುತ್ತೀರಿ ಎಂದರು.

ಆದರೆ ಈ ಸಲದ ತಕರಾರು ಬಣ್ಣದ್ದಲ್ಲ, ಮನೆಯ ಮೂಲೆಗಳದ್ದೂ ಅಲ್ಲ. ಆಟದ ತಯಾರಕರಾದ ಫಿರಾಕ್ಸಿಸ್ ಸಂಸ್ಥೆಯವರು ಒಂದು ಸೂತ್ರ ಇಟ್ಟುಕೊಂಡಿದ್ದಾರೆ. ಪ್ರತಿ ಹೊಸ ಆಟದಲ್ಲಿ ಮೂರರಲ್ಲೊಂದು ಪಾಲು ಹಳೆಯದು ಹಾಗೇ ಇರಬೇಕು, ಒಂದು ಪಾಲು ಸುಧಾರಿಸಬೇಕು, ಒಂದು ಪಾಲು ಹೊಸತಾಗಿರಬೇಕು. ಸೂತ್ರವೇನೋ ಚೆನ್ನಾಗಿದೆ. ಯಾವ ಪಾಲನ್ನು ಬದಲಿಸಬೇಕು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಏಳನೆಯದರಲ್ಲಿ ಅವರು ಕೈಹಾಕಿದ್ದು ಬುಡಕ್ಕೇ.

ಹೊಸ ಆಟದಲ್ಲಿ ಪ್ರಾಚೀನ, ಅನ್ವೇಷಣೆ, ಆಧುನಿಕ ಎಂದು ಮೂರು ಯುಗಗಳು. ಒಂದು ಯುಗ ಮುಗಿಯುವ ಹೊತ್ತಿಗೆ ದಂಗೆಯೋ ಪಿಡುಗೋ ದಾಳಿಯೋ ಬಂದು ರಾಜ್ಯ ಅಲ್ಲಾಡುತ್ತದೆ. ಆಮೇಲೆ ಪರದೆ ಬೀಳುತ್ತದೆ. ಪರದೆ ಎದ್ದಾಗ ಆಟಗಾರ ತನ್ನ ಜನರನ್ನು ಬಿಟ್ಟು ಬೇರೊಂದು ಜನಾಂಗವನ್ನು ಆರಿಸಿಕೊಳ್ಳಬೇಕು. ನಾಯಕ ಮಾತ್ರ ಅವನೇ. 2024ರ ಆಗಸ್ಟಿನಲ್ಲಿ ಇದನ್ನು ಮೊದಲ ಬಾರಿಗೆ ತೋರಿಸಿದಾಗ ಕೊಟ್ಟ ಉದಾಹರಣೆಯಲ್ಲಿ ಈಜಿಪ್ಟಿನವರು ಪಶ್ಚಿಮ ಆಫ್ರಿಕದ ಸೊಂಘಾಯ್ ಆಗಿ, ಬಳಿಕ ಬುಗಾಂಡಾ ಆದರು. ಸಾಕಷ್ಟು ಕುದುರೆಗಳಿದ್ದರೆ ಯಾರು ಬೇಕಾದರೂ ಮಂಗೋಲರಾಗಬಹುದು. ಬಿಡುಗಡೆಯಾದ ರೂಪದಲ್ಲಿ, ಯುಗ ಮುಗಿದೊಡನೆ ನಡೆಯುತ್ತಿದ್ದ ಯುದ್ಧ ನಿಂತುಹೋಗುತ್ತಿತ್ತು. ರಾಜಧಾನಿಯೊಂದನ್ನು ಬಿಟ್ಟು ಉಳಿದ ನಗರಗಳು ಮತ್ತೆ ಪಟ್ಟಣಗಳ ಮಟ್ಟಕ್ಕೆ ಇಳಿಯುತ್ತಿದ್ದವು. ಗೆಲ್ಲುವ ಅಂಚಿನಲ್ಲಿದ್ದ ಕೋಟೆಯ ಮುತ್ತಿಗೆ ಕಣ್ಣೆದುರಿಗೇ ಆವಿಯಾದರೆ ಆಟಗಾರನಿಗೆ ಹೇಗಾಗಬೇಡ?

ತಯಾರಕರು ಇದನ್ನು ಹುಚ್ಚಿಗೆ ಮಾಡಲಿಲ್ಲ. ರೋಗ ನಿಜವಾದದ್ದೇ. ‘ಸಿವಿಲೈಸೇಷನ್’ ಶುರುಮಾಡಿದವರಲ್ಲಿ ಬಹಳ ಮಂದಿ ಮುಗಿಸುವುದಿಲ್ಲ. ಮೊದಲ ನೂರು ಸರದಿಗಳ ರೋಮಾಂಚನ ನಡುದಾರಿಯಲ್ಲಿ ಇಳಿದುಹೋಗುತ್ತದೆ. ಯಾರು ಗೆಲ್ಲುತ್ತಾರೆಂದು ಅಷ್ಟರಲ್ಲಿ ಗೊತ್ತಾಗಿರುತ್ತದೆ, ಆದರೂ ಮೂವತ್ತು ನಗರಗಳನ್ನೂ ಐವತ್ತು ದಂಡುಗಳನ್ನೂ ಒಂದೊಂದಾಗಿ ಮುಟ್ಟಿ ನಡೆಸಬೇಕು. ಅರ್ಧಕ್ಕೆ ಬಿಟ್ಟು ಹೊಸ ಆಟ ಹೂಡುವುದೇ ಸುಖ. ಇದಕ್ಕೆ ಔಷಧಿಯಾಗಿಯೇ ಆಟದ ಮುಖ್ಯ ರೂವಾರಿ ಎಡ್ ಬೀಚ್ ಮತ್ತು ಸಂಗಡಿಗರು ಕಥೆಯನ್ನು ಮೂರು ತುಂಡು ಮಾಡಿದರು. ಪ್ರತಿ ತುಂಡಿನಲ್ಲೂ ಹೊಸ ಹುರುಪು, ಹಿಂದೆ ಬಿದ್ದವನಿಗೆ ಮತ್ತೊಂದು ಅವಕಾಶ. ದಂಡುಗಳನ್ನು ಒಬ್ಬ ದಂಡನಾಯಕನ ಕೈಕೆಳಗೆ ಕಟ್ಟಿ ಒಟ್ಟಿಗೆ ಸಾಗಿಸುವ ಏರ್ಪಾಡಂತೂ ಬಹಳ ಚೆನ್ನಾಗಿದೆ. ಅದನ್ನು ವಿರೋಧಿಗಳೂ ಒಪ್ಪುತ್ತಾರೆ. ಆದರೆ ಜನಾಂಗವನ್ನೇ ಬದಲಿಸಿದ್ದು ನೆಗಡಿ ಬಂತೆಂದು ಮೂಗು ಕೊಯ್ದಂತಾಯಿತು.

ಏಕೆಂದರೆ ಈ ಆಟದಲ್ಲಿ ಆಟಗಾರ ನಿಜವಾಗಿ ಕಟ್ಟುವುದು ನಗರಗಳನ್ನಲ್ಲ, ಒಂದು ಕಥೆಯನ್ನು. ಮೊದಲ ದಿನ ನದಿಯ ದಂಡೆಯಲ್ಲಿ ಬೀಡುಬಿಟ್ಟ ಜನರೇ ಕೊನೆಯ ದಿನ ಆಕಾಶಕ್ಕೇರಬೇಕು. ಅದು ಅಸಂಬದ್ಧ ಎಂಬುದು ಯಾರಿಗೆ ಗೊತ್ತಿಲ್ಲ? 1991ರ ಆಟದಲ್ಲಿ ಅಬ್ರಹಾಂ ಲಿಂಕನ್ ಅಮೆರಿಕನ್ನರನ್ನು ಕ್ರಿಸ್ತಪೂರ್ವ 4000ದಲ್ಲಿ ಮುನ್ನಡೆಸುತ್ತಿದ್ದ! ಗಾಂಧೀಜಿ ಮೊದಲ ಆಟದಿಂದ ಆರನೆಯದರವರೆಗೂ ಭಾರತದ ನಾಯಕರಾಗಿದ್ದವರು, ಒಮ್ಮೊಮ್ಮೆ ಅಣುಬಾಂಬಿನ ಬೆದರಿಕೆಯನ್ನೂ ಹಾಕುತ್ತಿದ್ದರು. (ಗಣಕದ ಲೆಕ್ಕ ತಪ್ಪಿದ್ದರಿಂದ ಗಾಂಧೀಜಿ ಯುದ್ಧಪ್ರಿಯರಾದರು ಎಂಬ ಕಥೆ ಜಗತ್ತನ್ನೇ ಸುತ್ತಿತು, ಅದು ಬರೀ ಕಟ್ಟುಕಥೆಯೆಂದು ಸಿಡ್ ಮೈಯರ್ 2020ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.) ಇಂಥ ಅಸಂಬದ್ಧವನ್ನು ಮೂರು ದಶಕ ನಕ್ಕು ಒಪ್ಪಿಕೊಂಡ ಜನ, ಇತಿಹಾಸಕ್ಕೆ ಹತ್ತಿರವಾಗಲೆಂದು ಮಾಡಿದ ಬದಲಾವಣೆಗೆ ಮುನಿದರು. ಸ್ವಾರಸ್ಯ ಇಲ್ಲೇ ಇದೆ.

ಇತಿಹಾಸ ಪದರ ಪದರವಾಗಿ ಕಟ್ಟಿಕೊಳ್ಳುತ್ತದೆ ಎಂಬುದು ತಯಾರಕರ ವಾದ. ರೋಮನ್ನರ ಊರಿನ ಮೇಲೆ ನಾರ್ಮನ್ನರು, ಅವರ ಮೇಲೆ ಇಂದಿನವರು: ಲಂಡನ್ ಆದದ್ದು ಹಾಗೆ. ಕನ್ನಡದ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಕದಂಬರು ಹೋಗಿ ಚಾಲುಕ್ಯರು ಬಂದರು, ಅವರು ಹೋಗಿ ರಾಷ್ಟ್ರಕೂಟರು ಬಂದರು. ಆದರೆ ಬನವಾಸಿಯ ಒಕ್ಕಲಿಗ ಬೆಳಗಾಗೆದ್ದು ತಾನು ಬೇರೆ ಜನವಾದೆನೆಂದು ತಿಳಿಯಲಿಲ್ಲ. ಪದರ ಕೂಡಿಕೊಳ್ಳುವುದು ಬೇರೆ, ವೇಷ ಕಳಚಿ ಬೇರೆ ವೇಷ ತೊಡುವುದು ಬೇರೆ. ಆಟದಲ್ಲಿ ಆಗುವುದು ಎರಡನೆಯದು.

ಭಾರತದ್ದನ್ನೇ ನೋಡಿ. ಈ ಸಲ ಗಾಂಧೀಜಿ ಬಿಡುಗಡೆಯ ಹೊತ್ತಿಗೆ ಆಟದಲ್ಲಿರಲಿಲ್ಲ. ನಾಯಕನಾಗಿ ಬಂದವನು ಸಾಮ್ರಾಟ ಅಶೋಕ. ಭಾರತವೆಂಬ ಒಂದೇ ಜನಾಂಗದ ಬದಲು ಪ್ರಾಚೀನ ಯುಗಕ್ಕೆ ಮೌರ್ಯರು, ಅನ್ವೇಷಣೆಯ ಯುಗಕ್ಕೆ ಚೋಳರು, ಆಧುನಿಕ ಯುಗಕ್ಕೆ ಮೊಗಲರು. ಚೋಳರಿಗೆ ಇಂಥ ಜಗದ್ವಿಖ್ಯಾತ ಆಟದಲ್ಲಿ ಸ್ವಂತ ಸ್ಥಾನ ಸಿಕ್ಕಿದ್ದು ಸಂತೋಷದ ಸಂಗತಿಯೇ. ದೆಹಲಿಯ ಆಚೆಗೂ ಭಾರತವಿದೆಯೆಂದು ಕೊನೆಗಾದರೂ ಗೊತ್ತಾಯಿತಲ್ಲ! ಆದರೆ ಅಶೋಕನ ಕೈಯಲ್ಲಿ ಮೌರ್ಯರು ಚೋಳರಾಗುವುದನ್ನು ನೋಡಿದರೆ ಅಶೋಕನೇ ಹುಬ್ಬೇರಿಸುತ್ತಿದ್ದ. ಅವನ ಬಂಡೆ ಶಾಸನಗಳಲ್ಲಿ ಚೋಳ, ಪಾಂಡ್ಯ, ಕೇರಳಪುತ್ರರ ಹೆಸರುಗಳಿರುವುದು ತನ್ನ ರಾಜ್ಯದ ಗಡಿಯಾಚೆಗಿನ ನೆರೆಯವರೆಂದು. ದೇವಾನಾಂಪ್ರಿಯನೆಂಬ ಬಿರುದಿನ ಹಿಂದಿದ್ದ ಅರಸ ಅಶೋಕನೇ ಎಂದು ಖಚಿತಪಡಿಸಿದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನ. ಅದನ್ನು ಕಂಡವರಿಗೆ ಈ ಮೌರ್ಯ-ಚೋಳ ಪರಿವರ್ತನೆ ಅಳಿಯ ಅಲ್ಲ, ಮಗಳ ಗಂಡ ಎಂಬಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ಬ್ರಿಟನ್ನಿನ ಕಥೆ ಇನ್ನೂ ತಮಾಷೆಯದು. ಆಧುನಿಕ ಯುಗವಿದ್ದೂ ಎಪ್ಪತ್ತು ಡಾಲರಿನ ಮೂಲ ಆಟದಲ್ಲಿ ಬ್ರಿಟನ್ ಇರಲಿಲ್ಲ. ಮೂರು ವಾರ ಕಳೆದು, 2025ರ ಮಾರ್ಚಿನಲ್ಲಿ, ಪ್ರತ್ಯೇಕ ಹಣಕ್ಕೆ ಬಂತು. ಅರ್ಧ ಜಗತ್ತನ್ನು ಬಿಟ್ಟಿಯಾಗಿ ದೋಚಿದವರನ್ನು ದುಡ್ಡು ಕೊಟ್ಟು ಕರೆಸಿಕೊಳ್ಳಬೇಕಾಗಿ ಬಂದದ್ದು ವಿಪರ್ಯಾಸವಲ್ಲದೆ ಮತ್ತೇನು? ಪರದೆಯ ಮೇಲಿನ ಬರಹ, ಮಾಹಿತಿ ಫಲಕಗಳು ಅರೆಬೆಂದಂತಿವೆ ಎಂಬ ದೂರೂ ಸೇರಿಕೊಂಡಿತು. ಅದನ್ನು ಸಂಸ್ಥೆಯೂ ಒಪ್ಪಿಕೊಂಡು ತಿದ್ದುಪಡಿಗಳ ಸರಣಿಯನ್ನೇ ಹೊರಡಿಸಿತು. ಗೆದ್ದ ಮೇಲೂ ಆಡುತ್ತಲೇ ಇರಬಹುದಾದ ಆ ಪ್ರಸಿದ್ಧ ‘ಇನ್ನೊಂದೇ ಸರದಿ’ಯ ಗುಂಡಿಯನ್ನೂ ಮರೆತು ಬಂದಿದ್ದರು, ಆಮೇಲೆ ತಂದು ಕೂಡಿಸಿದರು.

ತಾಳಿದವನು ಬಾಳಿಯಾನು ಎಂದವರ ಲೆಕ್ಕ ಮಾತ್ರ ಈ ಸಲ ಕೂಡಿಬರಲಿಲ್ಲ. ಆಟಗಳನ್ನು ಮಾರುವ ಸ್ಟೀಮ್ ಎಂಬ ಅಂತರಜಾಲದ ಅಂಗಡಿಯಲ್ಲಿ ಯಾವ ಹೊತ್ತಿಗೆ ಎಷ್ಟು ಜನ ಯಾವ ಆಟ ಆಡುತ್ತಿದ್ದಾರೆಂಬ ಲೆಕ್ಕ ಎಲ್ಲರಿಗೂ ಕಾಣುತ್ತದೆ. ಬಿಡುಗಡೆಯ ಮೊದಲ ದಿನಗಳನ್ನು ಬಿಟ್ಟರೆ 2025ರ ಬಹುಪಾಲು ಅಲ್ಲಿ ಒಂಬತ್ತು ವರ್ಷ ಹಳೆಯ ಆರನೆಯದನ್ನು ಆಡುವವರೇ ಹೊಸದರವರಿಗಿಂತ ಹೆಚ್ಚಿದ್ದರು. ಹದಿನೈದು ವರ್ಷದ ಐದನೆಯದೂ ಅದನ್ನು ಹಿಂದೆ ಹಾಕಿದ ದಿನಗಳಿದ್ದವು. ಹೀಗೆ ಜನಾಂಗ ಬದಲಿಸುವ ಪ್ರಯೋಗವನ್ನು ಫ್ರಾನ್ಸಿನ ಆಂಪ್ಲಿಟ್ಯೂಡ್ ಸಂಸ್ಥೆ 2021ರಲ್ಲೇ ‘ಹ್ಯೂಮನ್‌ಕೈಂಡ್’ ಎಂಬ ಆಟದಲ್ಲಿ ಮಾಡಿ, ಅಲ್ಲೂ ಇದೇ ಗೊಣಗಾಟ ಕೇಳಿಬಂದಿತ್ತು. ನೆರೆಮನೆಯ ಅನುಭವವಾದರೂ ಕಿವಿಗೆ ಬೀಳಬೇಕಿತ್ತು.

ಕಡೆಗೆ ಬಿದ್ದಿತು. ಇಡೀ ಆಟವನ್ನು ಒಂದೇ ಜನಾಂಗವಾಗಿ ಆಡುವ ದಾರಿಯನ್ನು ಪರೀಕ್ಷೆಗೆ ಇಡುವುದಾಗಿ ಫಿರಾಕ್ಸಿಸ್ 2025ರ ನವೆಂಬರಿನಲ್ಲಿ ತಿಳಿಸಿತು. ಹಳಬರು ಗೆದ್ದರೆಂದು ಬೀಗಿದರೂ ಕೆಲಸ ಸುಲಭದ್ದಲ್ಲ. ಏಳನೆಯ ಆಟದ ಪ್ರತಿ ಜನಾಂಗವನ್ನೂ ಅದರದೇ ಒಂದು ಯುಗಕ್ಕೆ ಅಳತೆ ಹಿಡಿದು ಹೊಲಿದಿದ್ದಾರೆ. ಅದರ ವಿಶೇಷ ದಂಡು, ವಿಶೇಷ ಕಟ್ಟಡ ಎಲ್ಲವೂ ಆ ಯುಗದವು. ರೈಲು ಓಡುವ ಕಾಲಕ್ಕೆ ಮೌರ್ಯರನ್ನು ಮೌರ್ಯರಾಗಿಯೇ ತಂದು ನಿಲ್ಲಿಸಿದರೆ ಅವರ ಆನೆಗಳಿಗೆ ಅಲ್ಲಿ ಏನು ಕೆಲಸ ಕೊಡುವುದು ಎಂಬುದನ್ನು ಇನ್ನು ಮೊದಲಿನಿಂದ ಯೋಚಿಸಬೇಕು.