‘ಬರ್ಸ್ಟ್’ ಪದಕ್ಕೆ ಕೆಜಿಎಫ್‌ನ ಅರ್ಥ

2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿ ದಾಟಿದ ಮೇಲೆ ಕೆಜಿಎಫ್, ಬಂಗಾರಪೇಟೆಯ ಟೀ ಅಂಗಡಿಗಳಲ್ಲಿ ಒಂದೇ ಮಾತು. ‘ಗಣಿ ಮತ್ತೆ ತೆರೀತಾರಂತೆ, ಸಾವಿರಾರು ಜನಕ್ಕೆ ಕೆಲಸವಂತೆ!’ ಬೆಲೆಯೂ ಸ್ಫೋಟ, ಸುದ್ದಿಯೂ ಸ್ಫೋಟ. ಸ್ಪರ್ಧಾತ್ಮಕ ಪರೀಕ್ಷೆಗೆಂದು ಇಂಗ್ಲಿಷ್ ಪದಗಳನ್ನು ಉರು ಹೊಡೆಯುತ್ತಿರುವ ನನಗೆ ಆಗ ನೆನಪಾದದ್ದು ‘ಬರ್ಸ್ಟ್’.

ಇದು ಹಳೆಯ ಇಂಗ್ಲಿಷಿನ ‘ಬೆರ್ಸ್ಟನ್’ ಕ್ರಿಯಾಪದದಿಂದ ಬಂದದ್ದು. ಜರ್ಮನ್ನಿನ ‘ಬೆರ್ಸ್ಟನ್’ ಇದರ ದಾಯಾದಿ. ಒತ್ತಡ ತಾಳಲಾರದೆ ಒಡೆಯುವುದು ಎಂಬುದು ಮೂಲ ಅರ್ಥ. ‘ಹಠಾತ್’ ಎಂಬ ಭಾವ ಅದರ ಜೊತೆಗೇ ಅಂಟಿಕೊಂಡು ಬಂತು. ಮಾರುಕಟ್ಟೆ ಪುಟಗಳಲ್ಲಿ ಓದುವ ‘ಬೂಮ್ ಅಂಡ್ ಬಸ್ಟ್’ನ ‘ಬಸ್ಟ್’ ಕೂಡ ಇದೇ ಪದದ ಆಡುರೂಪ. ನಮ್ಮ ಕನ್ನಡದ ‘ಬಿರಿ’ಯೂ ಕಡಿಮೆಯದಲ್ಲ: ಮೊಗ್ಗೂ ಬಿರಿಯುತ್ತದೆ, ನೆಲವೂ ಬಿರಿಯುತ್ತದೆ.

ಆದರೆ ಈ ಪದವನ್ನು ನಮ್ಮೂರು ಕಲಿತದ್ದು ನಿಘಂಟಿನಿಂದಲ್ಲ, ‘ರಾಕ್ ಬರ್ಸ್ಟ್’ನಿಂದ. ಹಳಬರು ಅದನ್ನು ‘ಏರ್ ಬ್ಲಾಸ್ಟ್’ ಎನ್ನುತ್ತಾರೆ. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1904ರಲ್ಲಿ ಪ್ರಕಟಿಸಿದ ವರದಿಯ ಶೀರ್ಷಿಕೆಯಲ್ಲೂ ಇರುವುದು ಅದೇ ಪದ. ಬಂಡೆ ಸಿಡಿದಾಗ ಸುರಂಗದಲ್ಲಿ ನುಗ್ಗುವ ಗಾಳಿಯ ಹೊಡೆತ ಕಾರ್ಮಿಕನಿಗೆ ಮೊದಲು ಗೊತ್ತಾಗುತ್ತಿತ್ತು, ಅದಕ್ಕೇ ಆ ಹೆಸರಿರಬೇಕು.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಮೇಲೆ ಬೆಟ್ಟದಷ್ಟು ಭಾರ. ಅದಿರು ತೆಗೆದು ಪೊಳ್ಳು ಮಾಡಿದಂತೆಲ್ಲ ಆ ಭಾರ ಉಳಿದ ಬಂಡೆಯ ಮೇಲೆ ಬೀಳುತ್ತದೆ. ಬಂಡೆ ಸ್ಪ್ರಿಂಗಿನ ಹಾಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅದನ್ನು ಹಿಡಿದಿಟ್ಟುಕೊಂಡು ಒಂದು ಕ್ಷಣದಲ್ಲಿ ಬಿಡುತ್ತದೆ. 1962ರಲ್ಲಿ ಚಾಂಪಿಯನ್ ರೀಫ್‌ನಲ್ಲಿ ಆದ ಭಾರೀ ಸಿಡಿತ ಇಂಥದ್ದೇ. ಮರದ ಆಸರೆ ಸಾಲದೆಂದು ಗ್ರಾನೈಟ್ ಗೋಡೆ ಕಟ್ಟಿದರು, ಕಾಂಕ್ರೀಟ್ ತುಂಬಿದರು, ಕಂಪನ ದಾಖಲಿಸುವ ಯಂತ್ರಗಳನ್ನಿಟ್ಟರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಕೆಜಿಎಫ್‌ನಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಗಣಿ ಮುಚ್ಚಿ ನೀರು ತುಂಬಿಕೊಂಡ ಮೇಲೂ ಇಲ್ಲಿ ಸಣ್ಣ ಕಂಪನಗಳು ಆಗಿವೆ.

ಗಣಿ ಮುಚ್ಚಿದ್ದನ್ನೂ ನಮ್ಮಲ್ಲಿ ‘ರಾತ್ರೋರಾತ್ರಿ’ ಆದದ್ದೆಂದು ಹೇಳುವವರಿದ್ದಾರೆ. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು, ನಿಜ. ಆದರೆ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯ ಕಡತ ರೋಗಗ್ರಸ್ತ ಉದ್ಯಮಗಳ ಮಂಡಳಿಯ ಮುಂದೆ ಹೋದದ್ದು 1992ರಲ್ಲೇ. ಆರಂಭದ ದಶಕಗಳಲ್ಲಿ ಒಂದು ಟನ್ ಅದಿರಿಗೆ ಹತ್ತಾರು ಗ್ರಾಂ ಸಿಗುತ್ತಿದ್ದ ಚಿನ್ನ ಕೆಲವೇ ಗ್ರಾಂಗೆ ಇಳಿದಿತ್ತು. ಒತ್ತಡ ಕೂಡುತ್ತಲೇ ಇತ್ತು. ಪರ್ಯಾಯ ಉದ್ಯೋಗ ಕಟ್ಟಲು ಆ ಒಂಬತ್ತು ವರ್ಷ ಸಾಕಿತ್ತು ಎಂಬುದು ನನ್ನ ಸಿಟ್ಟು. ಅದು ಆಗದ್ದರಿಂದಲೇ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ ಇವತ್ತಿಗೂ ಕಾಲಿಡಲು ಜಾಗವಿಲ್ಲ.

ಈಗಿನ ಸುದ್ದಿಯನ್ನೂ ಹಾಗೇ ಬಿಡಿಸಿ ನೋಡಬೇಕು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ್ದು ಸಾವಿರ ಎಕರೆಗೂ ಹೆಚ್ಚು ಜಾಗದಲ್ಲಿರುವ 13 ಸೈನೈಡ್ ದಿಬ್ಬಗಳಿಗೆ ಸಂಬಂಧಿಸಿದ ಕೇಂದ್ರದ ಪ್ರಸ್ತಾವಕ್ಕೆ. ಅಂದರೆ ಅರೆದು, ಚಿನ್ನ ತೆಗೆದು, ಆಚೆ ಸುರಿದ ಮಣ್ಣಿನಲ್ಲಿ ಉಳಿದ ಚಿನ್ನವನ್ನು ಮತ್ತೆ ಸೋಸುವ ಕೆಲಸ. ಅದು ನೆಲದ ಮೇಲಿನ ಕೆಲಸ; ಅಜ್ಜಂದಿರ ಕಾಲದಂತೆ ಸಾವಿರಾರು ಜನ ಕೇಜಿನಲ್ಲಿ ಕೆಳಗಿಳಿಯುವ ದೃಶ್ಯ ಅದರಿಂದ ಬರುವುದಿಲ್ಲ. ಬೇಕಾಗುವವರು ಹೆಚ್ಚಾಗಿ ಜೆಸಿಬಿ, ಟಿಪ್ಪರ್ ಓಡಿಸುವವರು, ಎಲೆಕ್ಟ್ರಿಷಿಯನ್‌ಗಳು, ರಸಾಯನಶಾಸ್ತ್ರ ಓದಿದವರು.

ಹಾಗಾಗಿ ಐಟಿಐ, ಬಿಎಸ್ಸಿ ಓದುತ್ತಿರುವ ಗೆಳೆಯರು ಕೇಳಬೇಕಾದ್ದು ‘ಗಣಿ ಯಾವಾಗ ತೆರೆಯುತ್ತೆ?’ ಎಂದಲ್ಲ. ಆ 13 ದಿಬ್ಬಗಳಲ್ಲಿ ಎಷ್ಟು ಹುದ್ದೆ, ಯಾವ ವಿದ್ಯಾರ್ಹತೆಗೆ, ಅದರಲ್ಲಿ ಸ್ಥಳೀಯರಿಗೆ ಎಷ್ಟು, ಕಾಯಮ್ಮೋ ಗುತ್ತಿಗೆಯೋ? ದಿಬ್ಬ ಅಗೆಯುವಾಗ ಗಾಳಿ ಬೀಸಿದರೆ ಆ ಬಿಳಿ ದೂಳು ಪಕ್ಕದ ಲೈನ್ ಮನೆಗಳ ಅಡುಗೆಮನೆಗೇ ಬರುತ್ತದೆ. ಅದಕ್ಕೇನು ಮಾಡುತ್ತಾರೆ ಎಂಬುದನ್ನೂ ಟೆಂಡರ್‌ಗೆ ಮೊದಲೇ ಕೇಳಬೇಕು.