ಚಿಲಕವೊಂದೇ ಸಾಲದು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಆದುದರಿಂದಲೇ ಇರಬೇಕು, ನೆರೆಮನೆಯ ತಾಯಿಯೊಬ್ಬರು ಕಳೆದ ಬೇಸಗೆಯಲ್ಲಿ, "ಓದಿದವನಲ್ಲವೇನಪ್ಪಾ, ಇವನಿಗೆ ಏನು ಮಾಡಬಹುದು ಹೇಳು" ಎಂದು ಕೇಳಿದರು. ಅವರ ಎಂಟು ವರ್ಷದ ಮಗನಿಗೆ ಆಟಿಸಂ, ಅಂದರೆ ಸ್ವಲೀನತೆ. ಮಾತು ಕಡಮೆ, ನೀರೆಂದರೆ ಪ್ರಾಣ. ಬಾಗಿಲು ತೆರೆದಿದ್ದರೆ ನೇರವಾಗಿ ಕೆರೆಯತ್ತ ನಡೆಯುತ್ತಾನೆ. ತಾಯಿ ಹಗಲಲ್ಲೂ ಚಿಲಕ ಹಾಕಿ ಕುಳಿತಿರುತ್ತಾರೆ. ಚಿಲಕ ಬೇಕು, ನಿಜ. ಆದರೆ ಈಜು ಕಲಿಸುವುದು ಅದಕ್ಕಿಂತಲೂ ಅಗತ್ಯವೆಂದು ನನ್ನ ಅಭಿಪ್ರಾಯ.

ಆ ತಾಯಿಯ ಭಯ ನಿರಾಧಾರವಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ ಆಟಿಸಂ ಇರುವ ಮಕ್ಕಳು ನೀರಿನಲ್ಲಿ ಮುಳುಗಿ ಸಾಯುವ ಸಂಭವ ಇತರ ಮಕ್ಕಳಿಗಿಂತ 160 ಪಟ್ಟು ಹೆಚ್ಚು. ಇಂಥ ಮಕ್ಕಳಿಗೆ ಆದಷ್ಟು ಬೇಗ ಈಜು ಕಲಿಸಬೇಕೆಂದು ಅವರು ಸೂಚಿಸಿದರು.

ಇವರು ಕಲಿಯಬಲ್ಲರೇ ಎಂದು ಕೇಳುವವರುಂಟು. ಆಟಿಸಂ ಇರುವ ಮುಂಬಯಿಯ ಜಿಯಾ ರಾಯ್ 2022ರ ಮಾರ್ಚಿಯಲ್ಲಿ, ತನ್ನ 13ನೆಯ ವಯಸ್ಸಿನಲ್ಲಿ, ಶ್ರೀಲಂಕೆಯಿಂದ ಧನುಷ್ಕೋಟಿಯವರೆಗೆ 13 ಗಂಟೆ 10 ನಿಮಿಷ ಈಜಿ ಪಾಕ್ ಜಲಸಂಧಿಯನ್ನು ದಾಟಿದಳು. ಎಲ್ಲರೂ ಸಮುದ್ರ ದಾಟಬೇಕಿಲ್ಲ. ನೀರಿಗೆ ಬಿದ್ದ ಮಗು ಬೆನ್ನ ಮೇಲೆ ತೇಲಿ, ದಡದತ್ತ ತಿರುಗಿ, ಮೆಟ್ಟಿಲು ಹಿಡಿದರೆ ಸಾಕು.

ಕಲಿಸುವ ಬಗೆ ಮಾತ್ರ ಬೇರೆಯಾಗಬೇಕು. ನನ್ನ ಸೋದರಮಾವ ನನ್ನ ಬೆನ್ನಿಗೆ ಸೋರೆಬುರುಡೆ ಕಟ್ಟಿ ಬಾವಿಗೆ ನೂಕಿದರು, ನಾನು ಕಲಿತೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ಗದ್ದಲವೂ ಹಠಾತ್ ಸ್ಪರ್ಶವೂ ಸಹಿಸಲಾಗದವು. ಅವರನ್ನು ಹಾಗೆ ನೂಕಿದರೆ ಮತ್ತೆ ನಮ್ಮನ್ನು ನಂಬಲಾರರು. ಒಬ್ಬರೇ ಶಿಕ್ಷಕರು, ಒಂದೇ ಹೊತ್ತು, ಒಂದೇ ಕ್ರಮ ಇರಬೇಕು. ಮಾತು ಕಡಮೆ ಮಾಡಿ, ಮಾಡಿ ತೋರಿಸಬೇಕು. ಮೊದಲು ಪಾದ ನೆನೆಯಲಿ, ಬಳಿಕ ಮೊಣಕಾಲು, ಆಮೇಲೆ ಎದೆ. ಈಜು ಆಟಿಸಮ್ಮಿಗೆ ಮದ್ದಲ್ಲ; ಕಲಿತ ಮಗುವಿನ ಮೇಲೂ ಹಿರಿಯರ ಕಣ್ಣಿರಲೇಬೇಕು.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯಿದೆಯು ಆಟಿಸಮ್ಮನ್ನು ಗಣನೆಗೆ ತೆಗೆದುಕೊಂಡಿದೆ. ಇಂಥವರು ಕ್ರೀಡೆಗಳಲ್ಲಿ ಭಾಗವಹಿಸುವಂತೆ ನೋಡಿಕೊಳ್ಳುವ ಹೊಣೆಯನ್ನೂ ಸರಕಾರದ ಮೇಲಿರಿಸಿದೆ. ಹಾಗಿರುವಾಗ, ಸಾರ್ವಜನಿಕ ಈಜುಕೊಳಗಳಲ್ಲಿ ವಾರಕ್ಕೆರಡು ಗಂಟೆ, ಜನಸಂದಣಿಯಿಲ್ಲದ ಹೊತ್ತನ್ನು ಈ ಮಕ್ಕಳಿಗೆ ಮೀಸಲಿಟ್ಟರೆ ಯಾರಿಗೂ ನಷ್ಟವಿಲ್ಲ. ಈಜು ಬಲ್ಲ ವಿದ್ಯಾರ್ಥಿಗಳು ನಮ್ಮಲ್ಲಿ ಅನೇಕರಿದ್ದೇವೆ. ತರಬೇತಿ ಪಡೆದ ಶಿಕ್ಷಕರ ಕೈಕೆಳಗೆ ನಾವು ನೆರವಾಗಬಾರದೇಕೆ? ಅಧ್ಯಾಪಕರು ಮುಂದಾದರೆ ನಾವು ಹಿಂದೆಗೆಯಲಾರೆವು.

ಆ ತಾಯಿ ಕೇಳಿದ ದಿನ ನನ್ನಲ್ಲಿ ಉತ್ತರವಿರಲಿಲ್ಲ. ತಡವಾದರೂ ಇದೇ ನನ್ನ ಉತ್ತರ.